ಹಿಮದ ದಾರಿಯ ತಂಗುಮನೆಗಳು

ಬೆಟ್ಟ ಹತ್ತುವುದು ಮನುಷ್ಯನಿಗೆ ಹೊಸದಲ್ಲ. ದೇವರ ದರ್ಶನಕ್ಕೆಂದು, ದನಕರುಗಳ ಮೇವಿಗೆಂದು, ಆಚೆ ಸೀಮೆಯ ಸಂತೆಗೆಂದು ಅವನು ಎಲ್ಲ ನಾಡುಗಳಲ್ಲಿಯೂ ಬೆಟ್ಟಗಳನ್ನು ಹತ್ತಿ ಇಳಿದಿದ್ದಾನೆ. ಆದರೆ ಇಂಥ ಯಾವ ಕೆಲಸವೂ ಇಲ್ಲದೆ, ಬರಿಯ ನಡೆಯುವ ಮತ್ತು ನೋಡುವ ಸಂತೋಷಕ್ಕಾಗಿ ಹಿಮಶಿಖರಗಳ ನಡುವೆ ದಿನಗಟ್ಟಲೆ ನಡೆದು, ರಾತ್ರಿ ಒಂದು ತಂಗುಮನೆಯಲ್ಲಿ ಮಲಗಿ, ಬೆಳಗಾಗುತ್ತಲೇ ಮುಂದಿನ ತಂಗುಮನೆಯತ್ತ ಹೊರಡುವ ಪದ್ಧತಿಗೆ ಇನ್ನೂ ಮುನ್ನೂರು ವರ್ಷ ತುಂಬಿಲ್ಲ. ಅದು ರೂಪುಗೊಂಡದ್ದು ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ. ಅದರ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ಶಿಖರಗಳ ಹೆಸರನ್ನೂ, ಅವುಗಳನ್ನು ಗೆದ್ದವರೆನಿಸಿಕೊಂಡವರ ಹೆಸರನ್ನೂ ಬರೆದಿದ್ದಾರೆ. ನಾನು ಇಂದು ಹೇಳಬೇಕೆಂದಿರುವುದು ಆ ಹೆಸರುಗಳ ಹಿಂದೆ ನಿಂತವರ ವಿಷಯ. ಹಗ್ಗದ ಇನ್ನೊಂದು ತುದಿಯನ್ನು ಹಿಡಿದವರ ವಿಷಯ, ಅಷ್ಟು ಎತ್ತರದಲ್ಲಿ ಪರಸ್ಥಳದವರಿಗೆಂದು ಮಾಡು ಕಟ್ಟಿದವರ ವಿಷಯ.

ಒಂದು ದಾರಿಯನ್ನು ಹಿಡಿದು ಹೊರಟರೆ ಮಾತು ಸುಲಭವಾಗುತ್ತದೆ. ಫ್ರಾನ್ಸಿನಲ್ಲಿ, ಮೋಂ ಬ್ಲಾಂ ಎಂಬ ಬಿಳಿಯ ಪರ್ವತದ ಬುಡದಲ್ಲಿ, ಶಮೊನಿ ಎಂಬ ಊರಿದೆ. ಸ್ವಿಟ್ಸರ್‌ಲೆಂಡಿನಲ್ಲಿ, ಮ್ಯಾಟರ್‌ಹಾರ್ನ್ ಶಿಖರದ ಬುಡದಲ್ಲಿ, ಝೆರ್ಮಾಟ್ ಎಂಬ ಊರಿದೆ. ಇವೆರಡನ್ನು ಕೂಡಿಸುವ ಮಲೆಯ ಹಾದಿಗೆ ‘ಓತ್ ರೂತ್’ ಎಂದು ಹೆಸರು. ‘ಎತ್ತರದ ದಾರಿ’ ಎಂದು ಅದರ ಅರ್ಥ. 1860ರ ದಶಕದಲ್ಲಿ ಇಂಗ್ಲಿಷ್ ಪರ್ವತಾರೋಹಿಗಳು ಸ್ಥಳೀಯ ಮಾರ್ಗದರ್ಶಿಗಳೊಡನೆ ಇದನ್ನು ತುಂಡುತುಂಡಾಗಿ ಶೋಧಿಸಿ ಜೋಡಿಸಿದರು. 1911ರಲ್ಲಿ ಪ್ರೊಫೆಸರ್ ರೋಜೆ ಮತ್ತು ಮಾರ್ಸೆಲ್ ಕುರ್ಜ್ ಎಂಬುವರು, ಅವರೊಡನೆಯೂ ಸ್ಥಳೀಯ ಮಾರ್ಗದರ್ಶಿಗಳು, ನಡುಚಳಿಗಾಲದಲ್ಲಿ ಸ್ಕೀ ಕಟ್ಟಿಕೊಂಡು ಅದರ ಬಹುಭಾಗವನ್ನು ದಾಟಿ ಝೆರ್ಮಾಟನ್ನು ಮುಟ್ಟಿದರು. ಇಂದು ಈ ಹಾದಿಗೆ ಎರಡು ರೂಪಗಳಿವೆ. ಒಂದು ಹಿಮನದಿಗಳ ಮೇಲೆಯೇ ಸಾಗುವಂಥದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಸುಮಾರು ಒಂದು ವಾರದಲ್ಲಿ ದಾಟುವಂಥದು. ಇನ್ನೊಂದು ಸ್ವಲ್ಪ ಕೆಳಗಿನ ಘಾಟಿಗಳನ್ನು ಹತ್ತಿ ಇಳಿಯುತ್ತ, ಸುಮಾರು 180 ಕಿಲೋಮೀಟರುಗಳನ್ನು ಎರಡು ವಾರಗಳಲ್ಲಿ ಕಾಲ್ನಡಿಗೆಯಿಂದ ಮುಗಿಸುವಂಥದು. ನಾನು ಒಬ್ಬ ಮಾರ್ಗದರ್ಶಿಯ ಹಿಂದೆ ನಡೆದದ್ದು ಈ ಎರಡನೆಯದನ್ನು.

ಅಲ್ಲಿ ಮೊದಲ ಮಾಡು ಎದ್ದದ್ದು ವಿಹಾರಕ್ಕಾಗಿ ಅಲ್ಲ, ಧರ್ಮಕ್ಕಾಗಿ. ಸ್ವಿಟ್ಸರ್‌ಲೆಂಡಿಗೂ ಇಟಲಿಗೂ ನಡುವೆ, ಸಮುದ್ರಮಟ್ಟದಿಂದ 2,469 ಮೀಟರ್ ಎತ್ತರದಲ್ಲಿ, ಗ್ರೇಟ್ ಸೇಂಟ್ ಬರ್ನಾರ್ಡ್ ಎಂಬ ಘಾಟಿಯಿದೆ. ರೋಮಿಗೆ ಹೋಗುವ ಯಾತ್ರಿಕರೂ ವರ್ತಕರೂ ಅದನ್ನು ಹಾಯ್ದೇ ಹೋಗಬೇಕಾಗಿತ್ತು. ಹಿಮದಲ್ಲಿ ಸಿಕ್ಕಿ ಸಾಯುವವರನ್ನು ಕಂಡು ಮರುಗಿದ ಆವೋಸ್ತದ ಬರ್ನಾರ್ಡ್ ಎಂಬ ಧರ್ಮಗುರು ಹನ್ನೊಂದನೆಯ ಶತಮಾನದಲ್ಲಿ ಅಲ್ಲೊಂದು ಆಶ್ರಯಧಾಮವನ್ನು ಸ್ಥಾಪಿಸಿದ. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಧರ್ಮಛತ್ರ. ಬಂದವರಿಗೆ ಊಟ, ಬೆಂಕಿ, ಹಾಸಿಗೆ. ಬಾರದೆ ಉಳಿದವರನ್ನು ಹುಡುಕಿಕೊಂಡು ಹೋಗಲು ಅಲ್ಲಿನ ಸಂನ್ಯಾಸಿಗಳು, ಅವರ ಜೊತೆಗೆ ಲೋಕಪ್ರಸಿದ್ಧವಾದ ಆ ದೊಡ್ಡ ನಾಯಿಗಳು. 1800ರ ಮೇ ತಿಂಗಳಲ್ಲಿ ನೆಪೋಲಿಯನ್ ತನ್ನ ಸುಮಾರು ನಲವತ್ತು ಸಾವಿರ ಸೈನಿಕರೊಡನೆ ಈ ಘಾಟಿಯನ್ನು ದಾಟಿದಾಗಲೂ ಆ ಮನೆಯ ಬಾಗಿಲು ತೆರೆದೇ ಇತ್ತು. ಸಾಮ್ರಾಜ್ಯಗಳು ಬಂದು ಹೋದವು. ಛತ್ರ ಮಾತ್ರ ಇಂದಿಗೂ ನಡೆಯುತ್ತಿದೆ.

ಆದರೆ ಘಾಟಿ ದಾಟುವುದು ಬೇರೆ, ಶಿಖರ ಹತ್ತುವುದು ಬೇರೆ. ಶಿಖರಗಳ ಮೇಲೆ ಏನಿದೆಯೆಂದು ತಿಳಿಯುವ ಹಂಬಲ ಹದಿನೆಂಟನೆಯ ಶತಮಾನದ ವಿಜ್ಞಾನಿಗಳದು. ಜಿನೀವಾ ನಗರದ ಸೊಸ್ಯೂರ್ ಎಂಬ ಪ್ರಕೃತಿವಿಜ್ಞಾನಿ 1760ರಲ್ಲಿ ಶಮೊನಿಗೆ ಬಂದು, ಮೋಂ ಬ್ಲಾಂ ನೆತ್ತಿಗೆ ದಾರಿ ಕಂಡುಹಿಡಿದವರಿಗೆ ಬಹುಮಾನ ಕೊಡುವುದಾಗಿ ಸಾರಿದ. ಆ ದಾರಿ ಸಿಗಲು ಇಪ್ಪತ್ತಾರು ವರ್ಷ ಹಿಡಿಯಿತು. 1786ರ ಆಗಸ್ಟ್ 8ರಂದು ನೆತ್ತಿಯನ್ನು ಮುಟ್ಟಿದ ಇಬ್ಬರೂ ಶಮೊನಿಯವರೇ. ಒಬ್ಬ, ಬಂಡೆಗಳಲ್ಲಿ ಸ್ಫಟಿಕ ಹುಡುಕಿ ಮಾರುತ್ತಿದ್ದ ಜಾಕ್ ಬಾಲ್ಮಾ. ಇನ್ನೊಬ್ಬ, ಊರ ವೈದ್ಯ ಪಕ್ಕಾರ್. ಮರುವರ್ಷ ಸೊಸ್ಯೂರನೂ ಹತ್ತಿದ. 1887ರಲ್ಲಿ ಶಮೊನಿಯ ಚೌಕದಲ್ಲಿ ಬಾಲ್ಮಾ ಸೊಸ್ಯೂರನಿಗೆ ಶಿಖರವನ್ನು ತೋರಿಸುತ್ತಿರುವ ಕಂಚಿನ ಪ್ರತಿಮೆ ನಿಂತಿತು. ಪಕ್ಕಾರನನ್ನು ಊರು ಮರೆತಿತ್ತು. ಅವನಿಗೊಂದು ಪ್ರತಿಮೆಯಾಗಲು 1986ರವರೆಗೆ, ಅಂದರೆ ಸರಿಯಾಗಿ ಇನ್ನೂರು ವರ್ಷ, ಕಾಯಬೇಕಾಯಿತು. ಶಿಖರದ ಕೀರ್ತಿ ಯಾರಿಗೆ ಸಲ್ಲಬೇಕೆಂಬ ಜಗಳ ಮೊದಲ ದಿನವೇ ಹುಟ್ಟಿತೆಂದರೆ ತಪ್ಪಾಗದು.

ಗೈಡ್ ಎಂಬ ಮಾತನ್ನು ನಾವು ಗುಡಿಯ ಶಿಲ್ಪಗಳನ್ನು ತೋರಿಸಿ ವಿವರಿಸುವವನಿಗೆ ಬಳಸುತ್ತೇವೆ. ಶಮೊನಿಯಲ್ಲಿ ಆ ಮಾತಿನ ತೂಕವೇ ಬೇರೆ. ಅದನ್ನು ತಿಳಿಯಲು 1820ರ ಆಗಸ್ಟ್ ತಿಂಗಳಿಗೆ ಹೋಗಬೇಕು. ರಷ್ಯಾದ ಚಕ್ರವರ್ತಿಯ ಸೇವೆಯಲ್ಲಿದ್ದ ಡಾಕ್ಟರ್ ಹಾಮೆಲ್ ಎಂಬ ವಿಜ್ಞಾನಿ, ಇಬ್ಬರು ಇಂಗ್ಲಿಷರು ಹಾಗೂ ಅನೇಕ ಮಾರ್ಗದರ್ಶಿಗಳೊಡನೆ ಮೋಂ ಬ್ಲಾಂ ಹತ್ತಲು ಹೊರಟ. ನಡುದಾರಿಯಲ್ಲಿ ಹವೆ ಕೆಟ್ಟಿತು. ಬಂಡೆಯ ಮೇಲೆ ಕಾದು ಕುಳಿತು, ಅನಂತರ ಮುಂದಕ್ಕೆ ಹೊರಟರು. ಆಗ ಹೊಸ ಹಿಮ ಕುಸಿಯಿತು. ಅದು ಮುಂದೆ ನಡೆಯುತ್ತಿದ್ದ ಮಾರ್ಗದರ್ಶಿಗಳನ್ನು ಕೊಚ್ಚಿಕೊಂಡು ಆಳವಾದ ಬಿರುಕಿಗೆ ತಳ್ಳಿತು. ಪಿಯೆರ್ ಬಾಲ್ಮಾ, ಪಿಯೆರ್ ಕಾರಿಯೆ, ಓಗುಸ್ತ್ ತೆರಾಜ್ ಎಂಬ ಮೂವರು ಮೇಲೆ ಬರಲೇ ಇಲ್ಲ. ಕರೆತಂದವರು ಬದುಕಿದರು. ಮುಂದುವರಿಯುವ ನಿರ್ಧಾರ ಯಾರದಾಗಿತ್ತೆಂದು ಅನಂತರ ಬಹಳ ವಾದ ನಡೆಯಿತು. ವಾದವಿಲ್ಲದ ಮಾತೊಂದೇ: ಸತ್ತವರು ಕೂಲಿಗೆ ಹೋದವರು.

ಮರುವರ್ಷವೇ, 1821ರಲ್ಲಿ, ಶಮೊನಿಯ ಮಾರ್ಗದರ್ಶಿಗಳು ಒಂದು ಸಂಘ ಕಟ್ಟಿಕೊಂಡರು. ಪರ್ವತ ಮಾರ್ಗದರ್ಶಿಗಳ ಸಂಘಗಳಲ್ಲಿ ಜಗತ್ತಿಗೆಲ್ಲ ಇದೇ ಮೊದಲನೆಯದು. ಅದರ ಕಟ್ಟಳೆಗಳಲ್ಲಿ ಎರಡು ಮುಖ್ಯವಾದವು. ಕೆಲಸವನ್ನು ಸರದಿಯ ಮೇಲೆ ಹಂಚಿಕೊಳ್ಳುವುದು ಒಂದು. ಹಾಗಾದರೆ ಬಂದ ಶ್ರೀಮಂತನಿಗಾಗಿ ನೆರೆಹೊರೆಯವರು ಕಿತ್ತಾಡುವಂತಿಲ್ಲ. ಪ್ರತಿಯೊಬ್ಬನ ಸಂಪಾದನೆಯಿಂದಲೂ ಒಂದಿಷ್ಟು ತೆಗೆದಿರಿಸಿ ನಿಧಿ ಕೂಡಿಡುವುದು ಇನ್ನೊಂದು. ಗಾಯಗೊಂಡವನಿಗೆ, ಸತ್ತವನ ಹೆಂಡತಿ ಮಕ್ಕಳಿಗೆ ಅದರಿಂದ ನೆರವು. ವಿಮೆ ಎಂಬ ಮಾತು ಬಡವರ ಮನೆಗಳನ್ನು ತಲುಪುವ ಮೊದಲೇ, ಒಂದು ಮಲೆನಾಡ ಹಳ್ಳಿ ಮೂರು ಸಾವುಗಳಿಂದ ಈ ಪಾಠವನ್ನು ಕಲಿತಿತು. ಸಂಘದಲ್ಲಿ ಕೊರತೆಯೂ ಇರಲಿಲ್ಲವೆಂದಲ್ಲ. ಬಹುಕಾಲ ಅದು ಕಣಿವೆಯಲ್ಲಿ ಹುಟ್ಟಿದವರಿಗಷ್ಟೇ ಮೀಸಲಾಗಿತ್ತು. ಹೊರಗೆ ಹುಟ್ಟಿದ ಫ್ರಿಸೋಂ-ರೋಶ್ ಎಂಬಾತ ಅದರೊಳಗೆ ಕಾಲಿಟ್ಟದ್ದು 1930ರಲ್ಲಿ. ಹೆಂಗಸರು ಕಾಯಬೇಕಾದದ್ದು ಇನ್ನೂ ಹೆಚ್ಚು. ಶಮೊನಿಯ ಮರೀ ಪಾರಾದಿ ಎಂಬ ಮನೆಗೆಲಸದ ಹೆಣ್ಣು 1808ರಲ್ಲಿಯೇ ಮೋಂ ಬ್ಲಾಂ ನೆತ್ತಿಯನ್ನು ಕಂಡಿದ್ದಳು. ಆದರೆ ಫ್ರಾನ್ಸಿನಲ್ಲಿ ಹೆಂಗಸೊಬ್ಬಳು, ಮಾರ್ತೀನ್ ರೋಲಾಂ, ಅಧಿಕೃತ ಮಾರ್ಗದರ್ಶಿಯಾದದ್ದು 1983ರಲ್ಲಿ.

ಆ ಮೂವರ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹಿಮನದಿ ನೋಡಲು ನಿಶ್ಚಲ. ವಾಸ್ತವವಾಗಿ ಅದು ಬಲು ನಿಧಾನವಾಗಿ ಕೆಳಗೆ ಹರಿಯುತ್ತಿರುತ್ತದೆ. ಸ್ಕಾಟ್ಲೆಂಡಿನ ಭೌತವಿಜ್ಞಾನಿ ಫೋರ್ಬ್ಸ್ ಈ ಚಲನೆಯನ್ನು ಅಳೆದು, ಅವರ ದೇಹಗಳು ಸುಮಾರು ನಲವತ್ತು ವರ್ಷಗಳಲ್ಲಿ ಕೆಳಗೆ ಬಂದು ಸೇರಬಹುದೆಂದು ಲೆಕ್ಕ ಹಾಕಿದ್ದ. 1861ರಲ್ಲಿ, ನಲವತ್ತೊಂದು ವರ್ಷಗಳ ಮೇಲೆ, ಬೊಸ್ಸೋಂ ಹಿಮನದಿಯ ಕೆಳತುದಿಯಲ್ಲಿ ಅವರ ಅವಶೇಷಗಳು ಕಾಣಿಸಿಕೊಂಡವು. ಆ ಅಪಘಾತದಿಂದ ಪಾರಾಗಿದ್ದ ಕುತ್ತೆ ಎಂಬ ಮಾರ್ಗದರ್ಶಿ ಆಗ ಹಣ್ಣು ಹಣ್ಣು ಮುದುಕ. ತನ್ನ ಗೆಳೆಯರನ್ನು ಗುರುತು ಹಿಡಿದವನು ಅವನೇ. ಅವನು ಮುದುಕನಾಗಿದ್ದ, ಅವರು ಹೋದ ವಯಸ್ಸಿನಲ್ಲಿಯೇ ಉಳಿದಿದ್ದರು.

ಹಿಮನದಿಯ ಈ ವಿಜ್ಞಾನಕ್ಕೂ ಮಲೆಯ ಜನ ಮಾಡಿದ ಉಪಕಾರವೊಂದುಂಟು. ಎತ್ತರದ ದಾರಿ ಹಾಯುವ ಬಾನ್ಯ ಎಂಬ ಕಣಿವೆಯಲ್ಲಿ ಪೆರೋದಾಂ ಎಂಬ ಬೇಟೆಗಾರನಿದ್ದ. ಕಣಿವೆಯ ಬಂಡೆಗಳ ಮೇಲೆ ಉದ್ದುದ್ದ ಗೀರುಗಳನ್ನು, ಎಲ್ಲಿಂದಲೋ ಬಂದು ಕುಳಿತ ದೊಡ್ಡ ಕಲ್ಲುಗಳನ್ನು ನೋಡಿ ನೋಡಿ, ಹಿಂದೊಮ್ಮೆ ಹಿಮನದಿ ಈ ಇಡೀ ಕಣಿವೆಯನ್ನು ತುಂಬಿತ್ತೆಂದು ಅವನು ತೀರ್ಮಾನಿಸಿದ್ದ. 1815ರಲ್ಲಿ ಅವನ ಮನೆಯಲ್ಲಿ ಒಂದು ರಾತ್ರಿ ತಂಗಿದ ಶಾರ್ಪಾಂತಿಯೆ ಎಂಬ ವಿದ್ವಾಂಸ ಈ ಮಾತನ್ನು ಕೇಳಿ ನಂಬಲಿಲ್ಲ. 1818ರಲ್ಲಿ ಅದೇ ಕಣಿವೆಯಲ್ಲಿ ಜಿಯೆತ್ರೋ ಹಿಮನದಿ ಮುರಿದುಬಿದ್ದು ಹೊಳೆಗೆ ಅಡ್ಡಗಟ್ಟೆಯಾಗಿ ನಿಂತಿತು. ಹಿಂದೆ ಸರೋವರ ತುಂಬಿತು. ವೆನೆಟ್ಸ್ ಎಂಬ ಇಂಜಿನಿಯರ್ ಹಿಮದಲ್ಲಿ ಸುರಂಗ ಕೊರೆಯಿಸಿ ಒಂದಷ್ಟು ನೀರನ್ನು ಹರಿಯಬಿಟ್ಟ. ಆದರೂ ಜೂನ್ 16ರಂದು ಕಟ್ಟೆ ಒಡೆದು ನಲವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಬೇಟೆಗಾರನ ಮಾತಿಗೆ ಕಿವಿಗೊಟ್ಟವನು ಈ ವೆನೆಟ್ಸ್. 1829ರಲ್ಲಿ ಸೇಂಟ್ ಬರ್ನಾರ್ಡ್ ಛತ್ರದಲ್ಲಿ ಕೂಡಿದ ವಿಜ್ಞಾನಿಗಳ ಸಭೆಯಲ್ಲಿ ಅವನು ಅದನ್ನು ಮಂಡಿಸಿದ. ಶಾರ್ಪಾಂತಿಯೆ ಒಪ್ಪಿದ, ಅವನಿಂದ ಅಗಾಸಿ ಎಂಬ ವಿಜ್ಞಾನಿ ಕಲಿತು, 1837ರಲ್ಲಿ ಹಿಮಯುಗದ ಸಿದ್ಧಾಂತವನ್ನು ಲೋಕಕ್ಕೆ ಸಾರಿದ. ಇಂದು ಶಾಲೆಯ ಪುಸ್ತಕದಲ್ಲಿ ಅಗಾಸಿಯ ಹೆಸರಿದೆ. ಪೆರೋದಾಂ ಬಾನ್ಯ ಕಣಿವೆಯವನಾಗಿಯೇ ಉಳಿದ.

ಪರ್ವತವಿಹಾರಿಗಳು ಸಂಘಟಿತರಾದದ್ದು ಇದಾದ ಮೇಲೆ. ಲಂಡನ್ನಿನಲ್ಲಿ ಆಲ್ಪೈನ್ ಕ್ಲಬ್ ಹುಟ್ಟಿದ್ದು 1857ರಲ್ಲಿ. ಸ್ವಿಸ್ ಆಲ್ಪೈನ್ ಕ್ಲಬ್ 1863ರಲ್ಲಿ. ಸ್ವಿಸ್ ಕ್ಲಬ್ಬು ಹುಟ್ಟಿದ ವರ್ಷವೇ ಟೋಡಿ ಪರ್ವತದ ಮೇಲೆ ಗ್ರೂನ್‌ಹಾರ್ನ್ ಎಂಬಲ್ಲಿ ತನ್ನ ಮೊದಲ ತಂಗುಮನೆಯನ್ನು ಕಟ್ಟಿತು. ಶಮೊನಿಯ ಮಾರ್ಗದರ್ಶಿಗಳು ಅದಕ್ಕೂ ಹತ್ತು ವರ್ಷ ಮೊದಲೇ, 1853ರಲ್ಲಿ, ಮೋಂ ಬ್ಲಾಂ ನಡುದಾರಿಯ ಗ್ರಾಂ ಮ್ಯೂಲೆ ಬಂಡೆಯ ಮೇಲೆ ಒಂದು ಮರದ ಗೂಡನ್ನು ನಿಲ್ಲಿಸಿದ್ದರು. ಹಾಮೆಲ್‌ನ ತಂಡ ಹವೆ ತಿಳಿಯಾಗಲೆಂದು ಕಾದು ಕುಳಿತಿದ್ದ ಎಡೆಯೇ ಅದು. ಸ್ವಿಸ್ ಕ್ಲಬ್ಬಿಗೆ ಈಗ ಸುಮಾರು ನೂರೈವತ್ತು ತಂಗುಮನೆಗಳಿವೆ.

ಈ ಮನೆಗಳ ರೀತಿನೀತಿಯನ್ನು ಕೇಳುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಬಾಗಿಲಲ್ಲಿ ಬೂಟನ್ನು ಬಿಟ್ಟು, ಅಲ್ಲಿಟ್ಟಿರುವ ಚಪ್ಪಲಿಯನ್ನು ಮೆಟ್ಟಿ ಒಳಗೆ ಬರಬೇಕು. ಬಂದವನು ಮೊದಲು ಮಾಡಬೇಕಾದದ್ದು, ದೊಡ್ಡ ಪುಸ್ತಕದಲ್ಲಿ ತನ್ನ ಹೆಸರು, ಬಂದ ಊರು, ನಾಳೆ ಹೋಗುವ ದಾರಿ ಇಷ್ಟನ್ನು ಬರೆಯುವುದು. ನಾಳೆ ಅವನು ಮುಂದಿನ ಮನೆಯನ್ನು ಸೇರದಿದ್ದರೆ ಎಲ್ಲಿ ಹುಡುಕಬೇಕೆಂದು ಹೇಳುವುದು ಆ ಒಂದು ಸಾಲೇ. ಊಟ ಎಲ್ಲರಿಗೂ ಒಂದೇ ಹೊತ್ತಿಗೆ, ಒಂದೇ ಬಗೆ. ಉದ್ದನೆಯ ಮೇಜಿನಲ್ಲಿ ಮಂತ್ರಿಯೂ ಬಡಗಿಯೂ ಪಕ್ಕಪಕ್ಕದಲ್ಲಿ ಕೂರುತ್ತಾರೆ. ಮಲಗುವುದು ಸಾಲಾಗಿ, ಒಂದೇ ಅಟ್ಟದ ಮೇಲೆ. ಹಿಮನದಿಯನ್ನು ದಾಟಬೇಕಾದವರು ಬೆಳಗಿನ ಮೂರು ನಾಲ್ಕು ಗಂಟೆಗೇ ಏಳುತ್ತಾರೆ. ಬಿಸಿಲೇರಿ ಹಿಮ ಮೆತ್ತಗಾಗುವ ಮೊದಲು ದಾಟಿಬಿಡಬೇಕು. ಹಿಂದೆ ಅಕ್ಕಿ, ಹಿಟ್ಟು, ಸೌದೆ ಎಲ್ಲವೂ ಹೇಸರಗತ್ತೆಯ ಬೆನ್ನಿನ ಮೇಲೆ, ಅದೂ ಹತ್ತಲಾರದ ಕಡೆ ಮನುಷ್ಯರ ಬೆನ್ನಿನ ಮೇಲೆ ಬರುತ್ತಿದ್ದವು. ಈಗ ಹೆಚ್ಚಿನ ಮನೆಗಳಿಗೆ ಹೆಲಿಕಾಪ್ಟರ್ ತಂದಿಳಿಸುತ್ತದೆ. ಕಾಲ ಮುಗಿದು ಪಾರುಪತ್ಯಗಾರ ಊರಿಗಿಳಿದ ಮೇಲೂ ಒಂದು ಕೋಣೆಯನ್ನು ಬೀಗ ಹಾಕದೆ ಬಿಟ್ಟು ಹೋಗುತ್ತಾರೆ. ಅಲ್ಲಿ ಹಾಸಿಗೆಯಿರುತ್ತದೆ, ಕಂಬಳಿಯಿರುತ್ತದೆ, ಒಲೆಯಿರುತ್ತದೆ. ಬಂದವನು ಉಪಯೋಗಿಸಿಕೊಂಡು ಹಣವನ್ನು ತಾನೇ ಲೆಕ್ಕಹಾಕಿ ಸಲ್ಲಿಸಬೇಕು.

ನಾವು ನಡೆದಾಗ ಒಂದು ಬೆಳಿಗ್ಗೆ ಮಂಜು ಇಳಿದಿತ್ತು. ನಮ್ಮ ಮಾರ್ಗದರ್ಶಿ ಹೊರಗೆ ಹೋಗಿ ಆಕಾಶ ನೋಡಿ ಬಂದು, ಇಂದು ಮೇಲಿನ ಘಾಟಿ ಬೇಡ, ಕಣಿವೆಗಿಳಿದು ಸುತ್ತಿಕೊಂಡು ಹೋಗೋಣ ಎಂದ. ದುಡ್ಡು ಕೊಟ್ಟು ಬಂದವರು ನಾವು ಎಂದು ಒಬ್ಬಿಬ್ಬರು ಗೊಣಗಿದರು. ಆತ ವಾದ ಮಾಡಲಿಲ್ಲ. ಹಗ್ಗವನ್ನು ಸುತ್ತಿ ಚೀಲದೊಳಗಿಟ್ಟು ಇಳಿಯುವ ದಾರಿ ಹಿಡಿದ. ಬೇಡವೆನ್ನುವ ಆ ಅಧಿಕಾರ ಸುಲಭವಾಗಿ ಬಂದದ್ದಲ್ಲವೆಂಬುದು ನನಗೆ ಅಂದು ಮನದಟ್ಟಾಯಿತು.

ಈ ದಾರಿಯ ಕೊನೆಗೆ ಎದುರಾಗುವ ಮ್ಯಾಟರ್‌ಹಾರ್ನ್ ಅದಕ್ಕೆ ತೆತ್ತ ಬೆಲೆಯನ್ನು ನೆನಪಿಸುತ್ತದೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್‌ನ ತಂಡ ಮೊದಲ ಬಾರಿ ಅದರ ನೆತ್ತಿಗೇರಿತು. ಏಳು ಜನರಲ್ಲಿ ನಾಲ್ವರು ಬ್ರಿಟಿಷರು. ಉಳಿದವರು ಶಮೊನಿಯ ಮಿಶೆಲ್ ಕ್ರೋ, ಝೆರ್ಮಾಟಿನ ಟೌಗ್‌ವಾಲ್ಡರ್ ತಂದೆ ಮತ್ತು ಮಗ. ಇಳಿಯುವಾಗ ಅನುಭವವಿಲ್ಲದ ತರುಣನೊಬ್ಬ ಜಾರಿದ. ಅವನ ಕೆಳಗಿದ್ದ ಕ್ರೋ ಅವನೊಡನೆ ಹೋದ. ಹಗ್ಗದಲ್ಲಿದ್ದ ಇನ್ನಿಬ್ಬರೂ ಹೋದರು. ಹಿರಿಯ ಟೌಗ್‌ವಾಲ್ಡರನ ಮುಂದೆ ಹಗ್ಗ ತುಂಡಾದ್ದರಿಂದ ಮೂವರು ಉಳಿದರು. ಹಗ್ಗವನ್ನು ಅವನೇ ಕತ್ತರಿಸಿದನೆಂದು ಲೋಕ ಆಡಿಕೊಂಡಿತು. ವಿಚಾರಣೆ ಅವನನ್ನು ನಿರ್ದೋಷಿಯೆಂದಿತು. ಆದರೂ ಅಪವಾದ ಅವನ ಬೆನ್ನು ಬಿಡಲಿಲ್ಲ. ಆ ತುಂಡು ಹಗ್ಗ ಇಂದು ಝೆರ್ಮಾಟಿನ ವಸ್ತುಸಂಗ್ರಹಾಲಯದಲ್ಲಿದೆ. ನೋಡಿದರೆ ಸಾಕು, ನಮ್ಮ ಬಾವಿಯ ಹಗ್ಗಕ್ಕಿಂತ ತೆಳುವಾದದ್ದು.

ಇಲ್ಲಿಯವರೆಗೆ ಹೇಳಿದ್ದೆಲ್ಲ ದೂರದೇಶದ ಮಾತೆಂದು ಕೇಳುಗರಿಗೆ ಅನ್ನಿಸಬಹುದು. ಹಾಗಿಲ್ಲ. 1950ರ ನವೆಂಬರ್ 3ರಂದು ಮುಂಬಯಿಯಿಂದ ಲಂಡನ್ನಿಗೆ ಹೊರಟಿದ್ದ ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಮೋಂ ಬ್ಲಾಂ ನೆತ್ತಿಯ ಸಮೀಪ ಅಪ್ಪಳಿಸಿತು. ಅದರಲ್ಲಿದ್ದವರು ನಲವತ್ತೆಂಟು ಜನ. ಪ್ರಯಾಣಿಕರಲ್ಲಿ ಬಹುಪಾಲು ಹಡಗಿನ ಕೆಲಸಕ್ಕೆಂದು ಹೊರಟಿದ್ದ ನಾವಿಕರು. ಬದುಕಿದವರು ಯಾರಾದರೂ ಇರಬಹುದೆಂದು ಶಮೊನಿಯ ಮಾರ್ಗದರ್ಶಿಗಳು ಕೆಟ್ಟ ಹವೆಯಲ್ಲಿಯೇ ಮೇಲೆ ಹೊರಟರು. ತಂಡದ ಮುಂದಾಳು ರೆನೆ ಪಾಯೋ ಹಿಮದ ಬಿರುಕಿಗೆ ಬಿದ್ದು ತೀರಿಕೊಂಡ. ಆ ಎಡೆಯನ್ನು ಕಡೆಗೆ ತಲುಪಿದವರಿಗೆ ಜೀವಂತವಾಗಿ ಯಾರೂ ಸಿಗಲಿಲ್ಲ. ಯಾವ ಹೆಸರೂ, ಯಾವ ಭಾಷೆಯೂ ತನಗೆ ತಿಳಿಯದ ಭಾರತದ ನಾವಿಕರಿಗಾಗಿ ಒಬ್ಬ ಮಾರ್ಗದರ್ಶಿ ಪ್ರಾಣ ಕೊಟ್ಟ. ಈ ಬಾರಿ ಅವನು ಕೂಲಿಗೆ ಹೋದವನಲ್ಲ.

1966ರ ಜನವರಿ 24ರಂದು ಹೆಚ್ಚುಕಡಿಮೆ ಅದೇ ಎಡೆಯಲ್ಲಿ ಏರ್ ಇಂಡಿಯಾದ ಇನ್ನೊಂದು ವಿಮಾನ ಬಿದ್ದು 117 ಜನ ಸತ್ತರು. ಅವರಲ್ಲೊಬ್ಬರು ಹೋಮಿ ಭಾಭಾ. 1939ರಿಂದ ಕೆಲವು ವರ್ಷ ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆ ನಡೆಸಿ, ಅನಂತರ ನಾಡಿನ ಪರಮಾಣು ವಿಜ್ಞಾನವನ್ನು ಕಟ್ಟಿದವರು. ಆ ಎರಡು ವಿಮಾನಗಳ ಅವಶೇಷಗಳನ್ನು ಬೊಸ್ಸೋಂ ಹಿಮನದಿ, 1820ರ ಮೂವರನ್ನು ಒಪ್ಪಿಸಿದಂತೆಯೇ, ಒಂದೊಂದಾಗಿ ಕೆಳಗೆ ತಂದೊಪ್ಪಿಸುತ್ತಿದೆ. 2012ರಲ್ಲಿ ನಮ್ಮ ಸರ್ಕಾರದ ಅಂಚೆಚೀಲವೊಂದು ಸಿಕ್ಕಿತು. 2013ರಲ್ಲಿ ಆರೋಹಿಯೊಬ್ಬನಿಗೆ ಪಚ್ಚೆ ಮೊದಲಾದ ರತ್ನಗಳ ಪೆಟ್ಟಿಗೆ ಸಿಕ್ಕಿದಾಗ ಆತ ಅದನ್ನು ನೇರವಾಗಿ ಪೊಲೀಸರಿಗೆ ಒಪ್ಪಿಸಿದ. 2020ರಲ್ಲಿ, ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಆಯ್ಕೆಯಾದ ಸುದ್ದಿ ಹೊತ್ತ ಪತ್ರಿಕೆಗಳು ಓದುವಂಥ ಸ್ಥಿತಿಯಲ್ಲಿಯೇ ಹೊರಬಂದವು.

ಹಿಮ ಹೀಗೆ ಬೇಗಬೇಗನೆ ತನ್ನ ಗಂಟನ್ನು ಬಿಚ್ಚುತ್ತಿರುವುದು ಸಂತೋಷದ ಮಾತಲ್ಲ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಸರ್‌ಲೆಂಡಿನ ಹಿಮನದಿಗಳು ತಮ್ಮ ಹತ್ತನೆಯ ಒಂದು ಪಾಲನ್ನು ಕಳೆದುಕೊಂಡವು. ಬರ್ನೀಸ್ ಆಲ್ಪ್ಸ್ ಪರ್ವತಗಳ ಕಾಂಕಾರ್ಡಿಯಾ ತಂಗುಮನೆಯನ್ನು 1877ರಲ್ಲಿ ಕಟ್ಟಿದಾಗ ಅದು ಹಿಮನದಿಯಿಂದ ಸ್ವಲ್ಪವೇ ಮೇಲಿತ್ತು. ಈಗ ಹಿಮ ಕುಸಿದು ಕುಸಿದು, ಮನೆಗೆ ಹೋಗಲು ಬಂಡೆಗೆ ಬಿಗಿದ ನಾನ್ನೂರಕ್ಕೂ ಹೆಚ್ಚು ಲೋಹದ ಮೆಟ್ಟಿಲುಗಳನ್ನು ಹತ್ತಬೇಕು. ಬಂಡೆಗಳನ್ನು ಬೆಸೆದಿದ್ದ ಹಿಮ ಕರಗಿ ಕಲ್ಲುಗಳು ಉರುಳುತ್ತವೆ. ತಂದೆ ನಡೆದ ದಾರಿಯನ್ನು ಮಗ ಬಿಡಬೇಕಾಗಿದೆ. ನೂರಾರು ವರ್ಷಗಳ ತಿಳಿವಳಿಕೆ ಒಂದು ತಲೆಮಾರಿನೊಳಗೆ ಹಳತಾಗುತ್ತಿರುವಾಗ, ಮಾರ್ಗದರ್ಶಿ ಎಂಬ ವೃತ್ತಿಯೇ ಹೊಸದಾಗಿ ಅಕ್ಷರಾಭ್ಯಾಸ ಮಾಡಬೇಕಾಗಿ ಬಂದಿದೆ.

ಹಾಗಿದ್ದರೂ ಅದರ ತಿರುಳು ಬದಲಾಗಿಲ್ಲವೆಂದು ನಾನು ನಂಬಿದ್ದೇನೆ. ಪ್ರತಿವರ್ಷ ಆಗಸ್ಟ್ 15ರಂದು ಶಮೊನಿಯ ಮಾರ್ಗದರ್ಶಿಗಳು ಒಂದೆಡೆ ಸೇರಿ, ಹಗ್ಗಗಳಿಗೂ ಹಿಮಗೊಡಲಿಗಳಿಗೂ ಗುರುಗಳಿಂದ ಹರಕೆ ಪಡೆದು, ಪರ್ವತದಲ್ಲಿ ಮಡಿದ ತಮ್ಮವರನ್ನು ನೆನೆಯುತ್ತಾರೆ. ಅಂದಿನ ಉತ್ಸವದಲ್ಲಿ ಸಂಗ್ರಹವಾಗುವ ಹಣ ಸೇರುವುದು ಆ ಹಳೆಯ ಪರಸ್ಪರ ಸಹಾಯನಿಧಿಗೇ. ಶಿಖರಗಳ ಚರಿತ್ರೆ ಗೆಲುವಿನ ತಾರೀಖುಗಳಿಂದ ತುಂಬಿದೆ. ಆ ಗೆಲುವುಗಳಾದ ಮೇಲೂ ಆಲ್ಪ್ಸ್ ಪರ್ವತಗಳಲ್ಲಿ ಉಳಿದು ಬಂದದ್ದು ಒಂದು ಸರದಿ, ಒಂದು ನಿಧಿ, ಒಂದು ಹೆಸರಿನ ಪುಸ್ತಕ, ಬೀಗವಿಲ್ಲದ ಒಂದು ಕೋಣೆ. ಮುಂದೆ ಹಿಮವಿಲ್ಲದ ಪರ್ವತಗಳಲ್ಲಿ ನಡೆಯಬೇಕಾಗಿ ಬಂದರೂ ಮನುಷ್ಯನಿಗೆ ಬೇಕಾಗುವುದು ಇವೇ.